ಹೊರಸುತ್ತಿನ ಐದನೇ ವೈರು

ಬೆಳಗಿನ ಆರೂವರೆಗೆ ಗಾಜು ಸುರಿಯುವ ಸದ್ದು ಕೇಳುತ್ತದೆ. ಸೊಟ್ಟಗೆ ಹುಟ್ಟಿದ ಬಾಟಲಿಗಳು, ಕುತ್ತಿಗೆಯಲ್ಲಿ ಬಿರುಕು ಬಿಟ್ಟವು, ತಳದಲ್ಲಿ ಗುಳ್ಳೆ ಕೂತವು, ಹಿಂದಿನ ದಿನವಿಡೀ ಬೇಡವೆಂದು ಎತ್ತಿಟ್ಟದ್ದೆಲ್ಲ ಕಬ್ಬಿಣದ ಗಾಡಿಯಿಂದ ಒಮ್ಮೆಲೇ ಗುಂಡಿಗೆ ಬೀಳುತ್ತದೆ. ಗಾಜಿನ ಕಾರ್ಖಾನೆಯ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತ ಆ ಬೀದಿಯ ಹದಿನಾಲ್ಕು ಮನೆಗಳಲ್ಲಿ ಯಾರಿಗೂ ಅಲಾರಂ ಬೇಕಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಅದು ಯಾರೋ ಗುಂಪುಗೂಡಿ ನಕ್ಕಂತೆ ಕೇಳುತ್ತದೆ. ಅಲ್ಲೇ ಒಂದು ಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದ ಅವಳಿಗೂ ಹನ್ನೆರಡು ವರ್ಷದಿಂದ ಹಾಗೆಯೇ ಕೇಳುತ್ತಿತ್ತು. ಯಾರನ್ನು ನೋಡಿ ನಗುತ್ತಿದ್ದಾರೆ ಎಂಬುದೂ ಅವಳಿಗೆ ಗೊತ್ತಿತ್ತು.

ಸದ್ದು ನಿಲ್ಲುವ ಹೊತ್ತಿಗೆ ಅಣ್ಣ ಮುಂಗೋಣೆಯ ಮೇಜಿನೆದುರು ಕೂತಿರುತ್ತಾನೆ. ಬೀದಿಯವರ ಕೆಟ್ಟ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳು ಹೊಟ್ಟೆ ಬಿಚ್ಚಿಕೊಂಡು ಅವನ ಮುಂದೆ ಬಿದ್ದಿರುತ್ತವೆ. ಬಿಚ್ಚಿದ ಸ್ಕ್ರೂಗಳನ್ನು ತಟ್ಟೆಗೆ ಎಣಿಸಿ ಹಾಕುವುದು ಅವನ ರೂಢಿ. ‘ಏಳು, ಎಂಟು’ ಎಂದು ಮೆಲ್ಲಗೆ ಹೇಳುತ್ತಾನೆ. ಮುಂದಿನದನ್ನು ಬಾಯಿ ಮುಚ್ಚಿಕೊಂಡು ಹಾಕುತ್ತಾನೆ. ಆಮೇಲೆ ‘ಹತ್ತು’ ಎನ್ನುತ್ತಾನೆ. ಇದನ್ನು ಮೊದಲು ಗಮನಿಸಿದವಳು ಅತ್ತಿಗೆ. ಅತ್ತಿಗೆಯ ನಾಲಿಗೆ ಬೀದಿಗೆಲ್ಲ ಹೆಸರುವಾಸಿ. ಹಾಲಿನವನಿಂದ ಹಿಡಿದು ಓಣಿಯ ನಾಯಿಯವರೆಗೆ ಎಲ್ಲರೂ ಅದರ ರುಚಿ ಕಂಡವರೇ. ಈ ಒಂದು ವಿಷಯದಲ್ಲಿ ಮಾತ್ರ ಅವಳು ಗಂಡನನ್ನು ಕೆಣಕಿದವಳಲ್ಲ.

ಆ ಒಂದು ಸಂಖ್ಯೆಯೇ ಅವನ ಕೆಲಸವನ್ನೂ ಹೆಸರನ್ನೂ ನುಂಗಿತ್ತು.

ಗಾಜಿನ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಆರಿಸುವಂತಿಲ್ಲ. ಅದರ ಗೋಡೆಗೆ ಹೊರಗಿನಿಂದ ಎಡೆಬಿಡದೆ ಗಾಳಿ ಊದುವ ದೊಡ್ಡ ಫ್ಯಾನುಗಳಿವೆ. ಅವು ನಿಂತರೆ ಒಳಗೆ ಕುದಿಯುವ ಗಾಜು ಗೋಡೆಯನ್ನೇ ತಿಂದುಕೊಂಡು ಹೊರಗೆ ಬರುತ್ತದೆ. ಫ್ಯಾನುಗಳನ್ನು ನಡೆಸುವ ವೈರು, ಅಪಾಯದ ಗಂಟೆಯ ವೈರು, ದೀಪಗಳ ವೈರು, ಎಲ್ಲವೂ ಒಂದೇ ದಪ್ಪ ಕೇಬಲ್ಲಿನ ಹೊಟ್ಟೆಯಲ್ಲಿ ಕಂಟ್ರೋಲ್ ರೂಮಿನ ಪ್ಯಾನೆಲ್ಲಿನಿಂದ ಹೊರಟು ಕುಲುಮೆಯ ಮೂಲೆಯಲ್ಲಿರುವ ತಗಡಿನ ಪೆಟ್ಟಿಗೆಯೊಂದಕ್ಕೆ ಬಂದು ಸೇರುತ್ತವೆ. ಹನ್ನೆರಡು ವರ್ಷದ ಹಿಂದೆ ಆ ಕೇಬಲ್ಲಿನಲ್ಲಿದ್ದ, ಯಾರಿಗೂ ಬೇಡದ ಒಂದು ದೀಪದ ವೈರನ್ನು ಕತ್ತರಿಸಬೇಕಿತ್ತು. ಕುಲುಮೆ ಉರಿಯುತ್ತಲೇ ಇರಬೇಕು, ಉಳಿದ ವೈರುಗಳಲ್ಲಿ ಕರೆಂಟು ಹರಿಯುತ್ತಲೇ ಇರಬೇಕು. ಪ್ಯಾನೆಲ್ಲಿನ ಕಡೆ ಅಣ್ಣ ನಿಂತಿದ್ದ. ಕುಲುಮೆಯ ಕಡೆ ಶಿಫ್ಟಿನ ಇಂಜಿನಿಯರ್ ನಿಂತಿದ್ದ. ನಡುವೆ ಒಂದು ಫೋನು. ಅಣ್ಣ ನಕ್ಷೆ ನೋಡಿ ನಂಬರು ಹೇಳಿದ, ಇಂಜಿನಿಯರ್ ಕತ್ತರಿಸಿದ, ಫ್ಯಾನುಗಳು ನಿಂತವು.

ತುಂಡಾದದ್ದು ಕೇಬಲ್ಲಿನ ಹೊರಸುತ್ತಿನ ಒಂಬತ್ತನೇ ವೈರು, ಫ್ಯಾನಿನದು; ತುಂಡಾಗಬೇಕಿದ್ದದ್ದು ಐದನೆಯದು. ಅದನ್ನು ಹುಡುಕಿ ಜೋಡಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದು, ಮೂಲೆಯ ಗೋಡೆ ಒಡೆದು, ಗಾಜು ಕೆಂಪು ಜೇನಿನ ಹಾಗೆ ನೆಲಕ್ಕೆ ಇಳಿಯಿತು. ಯಾರೂ ಸಾಯಲಿಲ್ಲ. ಕುಲುಮೆ ಎರಡು ತಿಂಗಳು ತಣ್ಣಗೆ ಬಿದ್ದಿತು, ಇನ್ನೂರು ಜನ ಮನೆಯಲ್ಲಿ ಕೂತರು.

ಐದು ಅಂತಲೇ ಹೇಳಿದೆ ಎಂದು ಅಣ್ಣ ವಿಚಾರಣೆಯಲ್ಲಿ ಹೇಳಿದ. ಒಂಬತ್ತು ಅಂದ ಎಂದು ಇಂಜಿನಿಯರ್ ಹೇಳಿದ. ಪೆಟ್ಟಿಗೆಯೊಳಗೆ ಪ್ರತಿ ವೈರಿಗೂ ನಂಬರು ಅಚ್ಚಾದ ಪುಟ್ಟ ಪ್ಲಾಸ್ಟಿಕ್ ಬಳೆ ತೊಡಿಸಿತ್ತು, ತಾನು ಎಣಿಸುವ ಗೋಜಿಗೇ ಹೋಗಲಿಲ್ಲ, ಒಂಬತ್ತು ಎಂದದ್ದಕ್ಕೆ ಒಂಬತ್ತರ ಬಳೆ ನೋಡಿ ಕತ್ತರಿಸಿದೆ ಎಂದು ವರದಿಯಲ್ಲಿ ಬರೆದ. ಫೋನಿನಲ್ಲಿ ಇದ್ದವರು ಇಬ್ಬರೇ. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಮೇಜು ಕುರ್ಚಿ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಣ್ಣನನ್ನು ಗೇಟಿನ ಹೊರಗೆ ಬಿಟ್ಟರು, ಮತ್ತು ಇನ್ನೂರು ಜನರ ಎರಡು ತಿಂಗಳ ಸಿಟ್ಟಿಗೆ ಒಂದು ಅಡ್ಡಹೆಸರು ಹುಟ್ಟಿತು: ಕತ್ತರಿ. ಕತ್ತರಿಸಿದವನು ಅವನಲ್ಲ ಎಂಬುದು ಹೆಸರಿಟ್ಟವರಿಗೆ ನೆನಪಿರಲಿಲ್ಲ. ಇಂದಿಗೂ ಆ ಕಾರ್ಖಾನೆಯಲ್ಲಿ ಯಾರಾದರೂ ಎಡವಟ್ಟು ಮಾಡಿದರೆ ‘ಕತ್ತರಿ ಹಾಕಿದ’ ಎನ್ನುತ್ತಾರೆ.

ತಂಗಿಗೆ ಆಗ ಇಪ್ಪತ್ತು. ವೈರಿನ ಕೆಲಸವನ್ನು ಅಣ್ಣನ ಮೇಜಿನ ಬಳಿಯೇ ಕಲಿತಿದ್ದಳು. ಆಮೇಲೆ ತರಬೇತಿ ಶಾಲೆಯ ಕಾಗದವನ್ನೂ ಸಂಪಾದಿಸಿ ಅದೇ ಕಾರ್ಖಾನೆಯ ಗೇಟಿನಲ್ಲಿ ಹೋಗಿ ನಿಂತಳು. ಬೇರೆ ಕಡೆ ಕೆಲಸ ಸಿಗುತ್ತಿತ್ತು. ಅಲ್ಲಿಗೇ ಯಾಕೆ ಎಂದು ಅತ್ತಿಗೆ ಕೇಳಿದಾಗ, ಹತ್ತಿರ ಅಂತ ಎಂದಿದ್ದಳು. ‘ಹತ್ತಿರ ಹೌದು, ಹಾವಿನ ಹುತ್ತಕ್ಕೂ ಹತ್ತಿರ,’ ಎಂದು ಅತ್ತಿಗೆ ಮೊರ ಕೊಡವಿದ್ದಳು. ಮೊದಲೆರಡು ವರ್ಷ ಕೇಬಲ್ ಎಳೆಯುವ ಕೂಲಿ, ಆಮೇಲೆ ವೈರ್‌ಮನ್. ಯಾವ ಶಿಫ್ಟಿನಲ್ಲೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಕತ್ತರಿ ತಂಗಿ ಬಂದ್ಲಾ ನೋಡು’ ಎನ್ನುತ್ತಿದ್ದರು. ಅವಳು ಬರುತ್ತಿದ್ದಳು. ತಾಳಿದವನು ಬಾಳಿಯಾನು ಎಂದು ಯಾರಾದರೂ ಬುದ್ಧಿ ಹೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ತಾಳಿದ್ದು ಬಾಳುವುದಕ್ಕಲ್ಲ, ಕಾಯುವುದಕ್ಕೆ.

ಆ ಇಂಜಿನಿಯರ್ ಈಗ ಮ್ಯಾನೇಜರ್. ಜೇಬಿನಲ್ಲಿ ಸದಾ ಬೆಳ್ಳಿಬಣ್ಣದ ಶಾಯಿಯ ದಪ್ಪ ಪೆನ್ನೊಂದನ್ನು ಸಿಕ್ಕಿಸಿಕೊಂಡಿರುತ್ತಾನೆ. ಕರಿ ಕೇಬಲ್ಲಿನ ಮೇಲೆ, ಕರಿ ತಗಡಿನ ಮೇಲೆ ಬರೆದರೆ ಮಿಂಚುತ್ತದೆ. ಹಾಗಾಗಿ ಬೆನ್ನ ಹಿಂದೆ ಎಲ್ಲರಿಗೂ ಅವನು ಬೆಳ್ಳಿಪೆನ್ನು. ಅಪಘಾತವಾದ ಮರುತಿಂಗಳೇ ಅವನು ಒಂದು ನಿಯಮ ಮಾಡಿ ಕೆಂಪಕ್ಷರದಲ್ಲಿ ಗೋಡೆಗೆ ಬರೆಸಿದ: ಕರೆಂಟು ಹರಿಯುವ ಕೇಬಲ್ಲಿನಲ್ಲಿ ಯಾವ ವೈರನ್ನು ಕತ್ತರಿಸುವ ಮೊದಲೂ ಹಿರಿಯ ಅಧಿಕಾರಿ ಸ್ಥಳಕ್ಕೆ ಬಂದು, ತಾನೇ ಎಣಿಸಿ, ಗುರುತು ಹಾಕಿ, ಚೀಟಿಗೆ ಸಹಿ ಮಾಡಬೇಕು. ಆ ನಿಯಮದಿಂದಲೇ ಮೇಲಕ್ಕೆ ಹೋದ ಎನ್ನುತ್ತಾರೆ. ಮೇಲಕ್ಕೆ ಹೋದ ಮೇಲೆ ಚೀಟಿಗಳಿಗೆಲ್ಲ ಮೇಜಿನಲ್ಲೇ ಕೂತು ಸಹಿ ಹಾಕುತ್ತಿದ್ದ.

ಇಷ್ಟು ವರ್ಷ ಅವಳ ಸಿಟ್ಟು ಬೂದಿ ಮುಚ್ಚಿದ ಕೆಂಡದಂತಿತ್ತು. ಬೂದಿ ಹಾರಿದ್ದು ಈ ವರ್ಷ, ಒಂದು ಮಧ್ಯಾಹ್ನ. ಅಣ್ಣ ಊಟಕ್ಕೆ ಕೂತವನು ಅನ್ನ ಕಲಸುತ್ತ ಕಲಸುತ್ತ ಕೈ ನಿಲ್ಲಿಸಿ, ಯಾರಿಗೂ ಅಲ್ಲ ಎಂಬಂತೆ ಹೇಳಿದ: “ನಾನೇ ಒಂಬತ್ತು ಅಂದಿದ್ನೋ ಏನೋ.”

ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ತಂಗಿ ಎದ್ದು ಹಿತ್ತಲಿಗೆ ಹೋದಳು. ಕೆಲಸ ಕಿತ್ತುಕೊಂಡರು, ಹೆಸರು ಕೆಡಿಸಿದರು, ಅದೆಲ್ಲ ಹೊರಗಿನದು. ಈಗ ಅವನ ನೆನಪಿನೊಳಕ್ಕೇ ಕೈ ಹಾಕಿ ಐದನ್ನು ಒಂಬತ್ತು ಮಾಡಿದ್ದರು. ತಾನು ಹೇಳಿದ ಮಾತು ತನ್ನದೇ ಎಂದು ನಂಬಲಾರದಂತೆ ಒಬ್ಬ ಗಂಡಸನ್ನು ಮಾಡಿಟ್ಟಿದ್ದರು. ಹಿತ್ತಲ ಗೋಡೆಯಾಚೆ ಫ್ಯಾನುಗಳು ಹೂಂಕರಿಸುತ್ತಿದ್ದವು. ಇದಕ್ಕೆ ಲೆಕ್ಕ ಚುಕ್ತಾ ಆಗದೆ ತಾನು ಸಾಯುವುದಿಲ್ಲ ಎಂದು ಅವಳು ಯಾರಿಗೂ ಹೇಳದೆ ನಿಶ್ಚಯಿಸಿದಳು.

ಎರಡು ತಿಂಗಳಲ್ಲಿ ದಾರಿ ತಾನಾಗಿ ತೆರೆದುಕೊಂಡಿತು. ಕುಲುಮೆಗೆ ಹೊಸ ಶಾಖಮಾಪಕವೊಂದು ಬಂತು. ಅದಕ್ಕೆ ಒಂದು ವೈರು ಬೇಕು, ಕೇಬಲ್ಲಿನಲ್ಲಿ ಬಿಡಿ ವೈರು ಇಲ್ಲ. ಆಗ ಯಾರಿಗೋ ಆ ಹಳೆಯ ದೀಪ ನೆನಪಾಯಿತು. ಅಪಘಾತದ ದಿನ ಕತ್ತರಿಸಬೇಕಾಗಿದ್ದ ಆ ವೈರನ್ನು ಆಮೇಲೆ ಯಾರೂ ಮುಟ್ಟುವ ಧೈರ್ಯ ಮಾಡಿರಲಿಲ್ಲ. ಪ್ಯಾನೆಲ್ಲಿನ ಬಲತುದಿಯಲ್ಲಿ ಆ ಹಳದಿ ದೀಪ ಹನ್ನೆರಡು ವರ್ಷದಿಂದ ಯಾವ ಅರ್ಥವೂ ಇಲ್ಲದೆ ಉರಿಯುತ್ತಿತ್ತು. ಅದರ ಬಲ್ಬು ಸುಟ್ಟಾಗೆಲ್ಲ ಬದಲಿಸುತ್ತಿದ್ದವಳು ಅವಳೇ.

ಹೊಸ ಕೇಬಲ್ಲೇ ಎಳೆಸಿಬಿಡೋಣ, ಆ ಹಳೇ ಪೆಟ್ಟಿಗೆ ತೆರೆಯೋದು ಬೇಡ ಎಂದು ಬೆಳ್ಳಿಪೆನ್ನು ಎರಡು ಸಲ ಹೇಳಿದ. ಹೊಸ ಕೇಬಲ್ಲಿಗೆ ಕುಲುಮೆ ನಿಲ್ಲಿಸಬೇಕು ಎಂದು ಗೊತ್ತಾದ ಮೇಲೆ ಮಾಲೀಕರ ಮನೆಯ ಹಿರಿಯಕ್ಕ, ಎಲ್ಲರೂ ದೊಡ್ಡಮ್ಮ ಎನ್ನುವವರು, ಹಳೆಯ ವೈರೇ ಆಗಲಿ ಎಂದರು. ಆ ದಿನ ತಾನೂ ಬಂದು ನಿಲ್ಲುವೆ ಎಂದೂ ಸೇರಿಸಿದರು. ಬೆಳ್ಳಿಪೆನ್ನು ಹೂಂ ಎಂದ. ಕೆಲಸ ಮುಗಿದ ತಕ್ಷಣ ಹಳೇ ಪೆಟ್ಟಿಗೆ ಬಿಚ್ಚಿ ಗುಜರಿಗೆ ಹಾಕಬೇಕು ಎಂದು ಮಾತ್ರ ಒತ್ತಿ ಹೇಳಿದ. ಅವನ ಆ ಅವಸರವನ್ನು ಅವಳು ಮನಸ್ಸಿನಲ್ಲಿ ಮಡಚಿಟ್ಟುಕೊಂಡಳು.

ಮೂರು ದಿನ ಮೊದಲು, ತಯಾರಿಗೆಂದು ಅವಳೊಬ್ಬಳೇ ಹೋಗಿ ಪೆಟ್ಟಿಗೆ ತೆರೆದಳು. ಗೋಡೆ ಹೊಸದಾಗಿ ಕಟ್ಟಿದಾಗ ಮುಂದೆ ಒಂದು ಶಾಖತಡೆ ತಗಡು ಬಂದು, ಅದರ ಹಿಂದೆ ಪೆಟ್ಟಿಗೆ ಮರೆತೇ ಹೋಗಿತ್ತು. ಮುಚ್ಚಳದ ಸ್ಕ್ರೂಗಳು ಕಚ್ಚಿ ಹಿಡಿದಿದ್ದವು. ಒಳಗೆ ಮಸಿ. ಪ್ಲಾಸ್ಟಿಕ್ ಬಳೆಗಳು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುವಷ್ಟು ಬೆಂದಿದ್ದವು. ಬ್ರಷ್ಷಿನಿಂದ ಮೆಲ್ಲಗೆ ಒರೆಸಿದಳು. ಮಸಿಯ ಕೆಳಗೆ ಏನೋ ಮಿಂಚಿತು.

ಬೆಳ್ಳಿಯ ಶಾಯಿ. ಹೊರಸುತ್ತಿನ ಹನ್ನೆರಡು ವೈರುಗಳ ಮೇಲೂ ಒಂದೊಂದು ನಂಬರು. ಬಳೆ ಇದ್ದಿದ್ದರೆ ಯಾರಾದರೂ ಯಾಕೆ ಬರೆಯಬೇಕು? ಬಳೆಗಳು ಆವತ್ತೇ ಸುಟ್ಟಿದ್ದವು. ಆತ ಎಣಿಸಿದ್ದ. ಎಣಿಸಿ ಬರೆದಿದ್ದ. ಕತ್ತರಿಸಿ ಮತ್ತೆ ಜೋಡಿಸಿದ ಗಂಟು ಇದ್ದ ವೈರಿನ ಮೇಲೆ, ತಲೆಯ ಗೀಟನ್ನು ಬಾವುಟದಂತೆ ಉದ್ದಕ್ಕೆ ಎಳೆದು, ಬರೆದದ್ದು ಐದು.

ಅವಳು ಬ್ರಷ್ಷು ಕೆಳಗಿಟ್ಟು ಆ ಐದನ್ನು ಮತ್ತೊಮ್ಮೆ ಓದಿದಳು.

ಆ ಕೇಬಲ್ಲನ್ನು ಓದುವುದು ಹೇಗೆಂದು ಅಣ್ಣ ಹೇಳಿಕೊಟ್ಟದ್ದು ಅವಳಿಗೆ ಹದಿನೈದಾದಾಗ. ಮುಂಗೋಣೆಯಲ್ಲಿ ಇಬ್ಬರೂ ಎದುರುಬದುರು ಕೂತು ಒಂದು ತುಂಡು ಕೇಬಲ್ಲಿನ ಎರಡು ತುದಿ ಹಿಡಿದಿದ್ದರು. ನಡುವೆ ಒಂದು ವೈರು, ಅದರ ಸುತ್ತ ಆರು, ಹೊರಸುತ್ತಿನಲ್ಲಿ ಹನ್ನೆರಡು. “ಕೆಂಪು ಅಂದ್ರೆ ಒಂದು, ಅದರ ಪಕ್ಕದ ನೀಲಿ ಎರಡು. ಉಳಿದೋರೆಲ್ಲ ಕರಿ ಅಂಗಿಯೋರು, ಮುಖ ನೋಡಿ ಗುರುತು ಹಿಡಿಯೋಕಾಗಲ್ಲ. ಕೆಂಪಿಂದ ನೀಲಿ ಕಡೆ ಎಣಿಸ್ಕೊಂಡು ಹೋಗ್ಬೇಕು,” ಎಂದಿದ್ದ. ಅವಳ ತುದಿಯಲ್ಲಿ ಎಣಿಕೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಯಿತು. ಅವನ ತುದಿಯಲ್ಲಿ ಉಲ್ಟಾ. ಅವಳು ಬೆಪ್ಪಾಗಿ ನೋಡಿದಾಗ ಅಣ್ಣ ನಕ್ಕಿದ್ದ: “ಎದುರು ಕೂತೋರ ಬಲ ನಿನಗೆ ಎಡ ಅಲ್ವೇನೇ? ಕೇಬಲ್ಲೂ ಹಾಗೇ. ಒಂದು ತುದೀಲಿ ನೋಡಿದ ದಿಕ್ಕನ್ನ ಇನ್ನೊಂದು ತುದಿಗೆ ಹೊತ್ಕೊಂಡು ಹೋದೋನು ಕೆಟ್ಟ.”

ಬೆಳ್ಳಿಪೆನ್ನು ಹೊತ್ತುಕೊಂಡು ಹೋಗಿದ್ದ. ಕುಲುಮೆಯ ಕಡೆ ನೀಲಿ ವೈರು ಮಸಿ ಹತ್ತಿ ಕರಿಯರ ಗುಂಪಿನಲ್ಲಿ ಸೇರಿಹೋಗಿತ್ತು. ಪ್ಯಾನೆಲ್ಲಿನ ಕಡೆ ಮುಳ್ಳಿನ ದಿಕ್ಕು, ಇಲ್ಲೂ ಅದೇ ಎಂದುಕೊಂಡು ಕೆಂಪಿನಿಂದ ಹಾಗೇ ಎಣಿಸಿದ್ದ. ಹಾಗೆ ತಪ್ಪು ದಿಕ್ಕಿನಲ್ಲಿ ಐದು ಎಣಿಸಿದರೆ ಬೆರಳು ಹೋಗಿ ನಿಲ್ಲುವುದು ಒಂಬತ್ತರ ಮೇಲೆ. ಅವಳು ಮೂರು ಸಲ ಎಣಿಸಿ ನೋಡಿದಳು. ಮೂರು ಸಲವೂ ಒಂಬತ್ತು.

ಅಂದರೆ ಅಣ್ಣ ಐದು ಎಂದಿದ್ದ. ಈತ ಐದು ಎಂದೇ ಕೇಳಿಸಿಕೊಂಡಿದ್ದ. ಒಂಬತ್ತು ಎಂಬುದು ಆಮೇಲೆ, ಮೇಜಿನ ಮುಂದೆ, ವರದಿಯ ಕಾಗದದ ಮೇಲೆ ಹುಟ್ಟಿದ್ದು.

ಫೋಟೋ ತೆಗೆದಳು. ತೆಗೆದು ಯೋಚಿಸಿದಳು. ಕತ್ತರಿ ತಂಗಿ ತಂದ ಫೋಟೋವನ್ನು ಯಾರು ನಂಬುತ್ತಾರೆ? ನೀನೇ ಬೆಳ್ಳಿ ಶಾಯಿಯಲ್ಲಿ ಬರೆದುಕೊಂಡೆ ಎಂದರೆ ಮುಗಿಯಿತು. ಸಾಕ್ಷಿ ಬೇಕಾದರೆ ಆ ಕೈಯೇ ಬಂದು ಮತ್ತೊಮ್ಮೆ ಬರೆಯಬೇಕು.

ಹನ್ನೆರಡು ವೈರಿಗೂ ಹಳೆಯ ನಂಬರಿನ ಮೇಲೆ ತೆಳುಕಾಗದದ ಚೂರಿಟ್ಟು, ಅದರ ಮೇಲೆ ಕರಿ ಟೇಪಿನ ಒಂದು ಸುತ್ತು ಸುತ್ತಿದಳು. ಕಾಗದವಿಲ್ಲದಿದ್ದರೆ ಟೇಪಿನ ಅಂಟು ಶಾಯಿಯನ್ನು ಎತ್ತಿಕೊಂಡು ಬಂದೀತು. ಗಂಟನ್ನು ಕಟ್ಟಿನ ಕೆಳಗೆ ತಳ್ಳಿದಳು. ಕೊನೆಗೆ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಯಾವ ಪೆಟ್ಟಿಗೆ ತೆರೆದರೂ ಮೊದಲು ನೀಲಿ ವೈರನ್ನು ಹುಡುಕಿ ಮುಖ ತೊಳೆಸುವುದು ಅವಳ ಪಾಠ. ಈ ಸಲ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ನೀಲಿ ಕಪ್ಪಾಗಿಯೇ ಇರಲಿ.

ಸಂಜೆ ಬೆಳ್ಳಿಪೆನ್ನು ಕರೆಸಿ ಪೆಟ್ಟಿಗೆ ಹೇಗಿದೆ ಎಂದು ಕೇಳಿದ. ಏನೂ ಉಳಿದಿಲ್ಲ, ಬರೀ ಮಸಿ ಎಂದಳು. ಅವನ ಹೆಗಲು ಅರ್ಧ ಅಂಗುಲ ಇಳಿಯಿತು. ಅವತ್ತು ಅವಳಿಗೆ ಅನ್ನ ರುಚಿಸಿತು.

ಉಳಿದದ್ದು ಅಣ್ಣನನ್ನು ಒಪ್ಪಿಸುವುದು. ಕರೆಂಟು ಹರಿಯುವ ವೈರುಗಳನ್ನು ಗುರುತು ಹಿಡಿಯಲು ಅಣ್ಣ ಹಳೆಯ ರೇಡಿಯೋಗಳ ಭಾಗಗಳಿಂದ ಒಂದು ಜೋಡಿ ಉಪಕರಣ ಮಾಡಿದ್ದ. ಎರಡೂ ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಬಾಯಿ ತೆರೆದು ವೈರನ್ನು ಹೊರಗಿನಿಂದಲೇ ತಬ್ಬುತ್ತವೆ. ಸಿಪ್ಪೆ ಸುಲಿಯಬೇಕಿಲ್ಲ, ಏನನ್ನೂ ಬಿಚ್ಚಬೇಕಿಲ್ಲ. ಒಂದು ಕೊರಳು, ಅದು ಈ ತುದಿಯಲ್ಲಿ ಗುಬ್ಬಿಯಂತೆ ಚಿಲಿಗುಟ್ಟುತ್ತದೆ. ಇನ್ನೊಂದು ಕಿವಿ, ಆ ತುದಿಯಲ್ಲಿ ಯಾವ ವೈರಿನಲ್ಲಿ ಗುಬ್ಬಿ ಕೂತಿದೆ ಎಂದು ಹೇಳುತ್ತದೆ. ಕೊರಳು ಬಲು ಹಟಮಾರಿ, ಅಣ್ಣನ ಬೆರಳಿಗೆ ಮಾತ್ರ ಹಾಡುವುದು. ಅದು ನಿಜವೂ ಹೌದು, ನೆಪವೂ ಹೌದು.

ಆಗಲ್ಲ ಎಂದ ಅಣ್ಣ. ಮೂರು ಸಲ ಕೇಳಿದಳು, ಮೂರು ಸಲವೂ ಸ್ಕ್ರೂ ತಟ್ಟೆ ನೋಡುತ್ತಲೇ ಆಗಲ್ಲ ಎಂದ. “ಆ ಗೇಟೊಳಗೆ ನನ್ನ ಹೆಸರು ಕತ್ತರಿ ಕಣೇ.”

ಅತ್ತಿಗೆ ಒಳಗಿನಿಂದ ಬಂದು ಬಾಗಿಲಿಗೆ ಒರಗಿದಳು. “ಹೋಗ್ಬನ್ನಿ. ಹನ್ನೆರಡು ವರ್ಷ ನನ್ನ ಅಡುಗೇಲಿ ಉಪ್ಪು ಕಮ್ಮಿ ಅಂತ ಗುರುತು ಹಿಡಿದಿದ್ದು ಸಾಕು, ಒಂದಿನ ವೈರು ಗುರುತು ಹಿಡೀರಿ.” ಅಣ್ಣ ನಗಲಿಲ್ಲ. ಆದರೆ ಕೆಲಸದ ದಿನ ಬೆಳಿಗ್ಗೆ ಗಾಜು ಸುರಿಯುವ ಮೊದಲೇ ಎದ್ದು, ಕಪಾಟಿನ ತಳದಿಂದ ಹಳೆಯ ಖಾಕಿ ಅಂಗಿ ತೆಗೆದು ಅವನೇ ಇಸ್ತ್ರಿ ಮಾಡಿಕೊಂಡ. ಗೇಟಿನ ಪರವಾನಗಿ ಚೀಟಿಯಲ್ಲಿ ಅವಳು ‘ಪ್ಯಾನೆಲ್ ಕಡೆ: ಹೊರಗಿನ ಸಹಾಯಕ, ಒಬ್ಬ’ ಎಂದಷ್ಟೇ ಬರೆದಿದ್ದಳು. ಬೆಳ್ಳಿಪೆನ್ನು ಓದದೆ ಸಹಿ ಹಾಕಿದ್ದ.

ಹನ್ನೊಂದು ಗಂಟೆಗೆ ಅಣ್ಣ ಪ್ಯಾನೆಲ್ಲಿನ ಕಡೆ ದೀಪದ ವೈರಿಗೆ ಕೊರಳು ಹಾಕಿ ಕೂತಿದ್ದ, ಇತ್ತ ಕುಲುಮೆಯ ಮೂಲೆಯಲ್ಲಿ ಎಲ್ಲರೂ ಸೇರಿದರು. ದೊಡ್ಡಮ್ಮನಿಗೆ ಕುರ್ಚಿ ಹಾಕಿದ್ದರು, ಅವರು ಕೂರಲಿಲ್ಲ, ಕೋಲೂರಿ ನಿಂತರು. ಏನಾದರೂ ಆದರೆ ನೀರು ಬಿಡಲು ಪಂಪಿನಜ್ಜ ದೊಡ್ಡ ಕವಾಟದ ಚಕ್ರ ಹಿಡಿದುಕೊಂಡಿದ್ದ. ಹನ್ನೆರಡು ವರ್ಷದ ಹಿಂದೆಯೂ ಅದೇ ಚಕ್ರ ಹಿಡಿದಿದ್ದವನು ಅವನೇ. ಶಿಫ್ಟಿನ ಏಳೆಂಟು ಜನ ದೂರದಲ್ಲಿ ನೆರೆದಿದ್ದರು. ‘ಹುಷಾರಮ್ಮ, ಮನೆತನದ ಕೆಲಸ ಮಾಡಿಬಿಟ್ಟೀಯ,’ ಎಂದು ಅವರಲ್ಲೊಬ್ಬ ಅಂದ, ಕೆಲವರು ನಕ್ಕರು. ಅವಳು ತಿರುಗಿ ನೋಡಲಿಲ್ಲ. ಕಟಿಂಗ್ ಪ್ಲೇಯರ್ ಅವಳ ಸೊಂಟದ ಚೀಲದಲ್ಲಿತ್ತು, ಚೀಲದ ಗುಂಡಿ ಹಾಕಿತ್ತು. ತಾನು ಕೊಡದೆ ಇವತ್ತು ಯಾವ ವೈರೂ ತುಂಡಾಗುವಂತಿಲ್ಲ ಎಂಬುದನ್ನು ಅವಳು ಮೊದಲೇ ಖಾತ್ರಿ ಮಾಡಿಕೊಂಡಿದ್ದಳು. ಸೇಡಿಗೆಂದು ಕುಲುಮೆ ಸುಡುವವಳಲ್ಲ ಅವಳು. ಅವಳಿಗೆ ಸುಡಬೇಕಾದದ್ದು ಬೇರೆ.

ಬೆಳ್ಳಿಪೆನ್ನು ಚೀಟಿಗೆ ಕೈ ಚಾಚಿದ. “ನೀನು ಎಣಿಸಿದೀಯಲ್ಲ, ಸಾಕು. ಕೊಡಿಲ್ಲಿ, ಸಹಿ ಮಾಡ್ತೀನಿ.”

“ನೀವೇ ಎಣಿಸಿ ಗುರುತು ಹಾಕ್ಬೇಕು ಸರ್. ನಿಯಮ ನಿಮ್ಮದೇ. ಗೋಡೆ ಮೇಲಿದೆ.”

“ಹೌದಲ್ಲ,” ಎಂದರು ದೊಡ್ಡಮ್ಮ. “ಎಣಿಸಪ್ಪ, ನಾನೂ ನೋಡ್ತೀನಿ.”

ಬೇರೆ ದಾರಿ ಇರಲಿಲ್ಲ. ಬಗ್ಗಿ ನೋಡಿದ. ಮಸಿ, ಕರಿ ಟೇಪು. ಹೆದರುವಂಥದ್ದು ಏನೂ ಕಾಣಲಿಲ್ಲ. ಮುಖ ತಿಳಿಯಾಯಿತು. ಹೆಂಗಸರಿಬ್ಬರ ಮುಂದೆ ಸ್ವಲ್ಪ ಹುರುಪೂ ಬಂತು. ಇವೆಲ್ಲ ಅನುಭವದ ಮೇಲೆ ಬರೋದು ಎಂದು ದೊಡ್ಡಮ್ಮನಿಗೆ ಕೇಬಲ್ಲಿನ ವಿಚಾರ ವಿವರಿಸತೊಡಗಿದ. ಪ್ಯಾನೆಲ್ ಕಡೆ ಎಣಿಕೆ ಯಾವ ದಿಕ್ಕಿಗೆ ಎಂದು ಅವಳನ್ನು ಕೇಳಿದ. ಗಡಿಯಾರದ ಮುಳ್ಳಿನ ಹಾಗೆ ಎಂದಳು. ಸುಳ್ಳಲ್ಲ. ಆಮೇಲೆ ಗೋಡೆಯ ಫೋನಿನ ಗುಂಡಿ ಒತ್ತಿದ. ಕುಲುಮೆಯ ಗದ್ದಲಕ್ಕೆಂದು ಅದಕ್ಕೊಂದು ಸ್ಪೀಕರ್ ಇತ್ತು. ಗುಂಡಿ ಒತ್ತಿದಾಗ ಮಾತ್ರ ಇಲ್ಲಿಯ ಮಾತು ಆಚೆಗೆ ಹೋಗುತ್ತಿತ್ತು.

“ದೀಪದ್ದು ಎಷ್ಟನೇದಪ್ಪ?”

ಸ್ಪೀಕರ್ ಗೊರಗೊರ ಎಂದಿತು. ಆಮೇಲೆ ಒಂದು ಒಣ ದನಿ. “ಹೊರಸುತ್ತು. ಐದು.”

ಬೆಳ್ಳಿಪೆನ್ನಿನ ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ಹಾಗೇ ಉಳಿಯಿತು. ಎಲ್ಲೋ ಕೇಳಿದ ದನಿ ಎಂಬಂತೆ ತಲೆ ಓರೆ ಮಾಡಿದ. ಪಂಪಿನಜ್ಜನ ಕೈ ಚಕ್ರದ ಮೇಲೆ ಬಿಗಿಯಾಯಿತು. ಅವನಿಗೆ ದನಿಯ ಗುರುತು ಹತ್ತಿತ್ತು. ಬೆಳ್ಳಿಪೆನ್ನು ಮಾತ್ರ ತಲೆ ಕೊಡವಿ ಕೇಬಲ್ಲಿನ ಬಾಯಿಗೆ ಬೆರಳಿಟ್ಟ. ಕೆಂಪು ಒಂದು. ಮುಳ್ಳಿನ ದಿಕ್ಕಿಗೆ ಎರಡು, ಮೂರು, ನಾಲ್ಕು, ಐದು. ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟಿದವನಿಗೆ ಪಾಠ ಎಲ್ಲಿಂದ ಸಿಗಬೇಕು? ಹನ್ನೆರಡು ವರ್ಷದಲ್ಲಿ ಅವನು ಏನನ್ನೂ ಕಲಿತಿರಲಿಲ್ಲ.

“ಇದೇ,” ಎಂದ.

“ಬರೆದುಬಿಡಿ ಸರ್.”

ಜೇಬಿನ ಪೆನ್ನು ಹೊರಗೆ ಬಂತು. ಕರಿ ಟೇಪಿನ ಮೇಲೆ, ತಲೆಯ ಗೀಟನ್ನು ಬಾವುಟದಂತೆ ಎಳೆದು, ಬೆಳ್ಳಿಯ ಐದು ಬರೆದ.

ಅವಳು ಅಣ್ಣ ಮಾಡಿದ ಕಿವಿಯನ್ನು ತೆಗೆದು ಆ ವೈರನ್ನು ತಬ್ಬಿಸಿದಳು. ಭಾರವಾದ ಒಂದು ಗುಂಯ್ ಮಾತ್ರ ಕೇಳಿಸಿತು. ಬಿಡಿಸಿ, ಕೆಂಪಿನ ಆಚೆ ಬದಿಯ ಐದನೇ ವೈರಿಗೆ ಹಾಕಿದಳು. ಚಿಲಿ ಚಿಲಿ ಚಿಲಿ ಎಂದು ಗುಬ್ಬಿ ಕೂಗಿತು. ಕುಲುಮೆಯ ಅಬ್ಬರದ ನಡುವೆ ಆ ಪುಟ್ಟ ಸದ್ದು ಎಲ್ಲರಿಗೂ ಕೇಳಿಸಿತು.

“ದೀಪ ಇದರಲ್ಲಿದೆ ದೊಡ್ಡಮ್ಮ,” ಎಂದಳು.

“ಹಾಗಾದ್ರೆ ಸಾಹೇಬ್ರು ಗುರುತು ಹಾಕಿದ್ದು ಯಾವುದು?” ಎಂದು ಪಂಪಿನಜ್ಜ ಕೇಳಿದ, ಏನೂ ಅರಿಯದ ಮಗುವಿನ ಹಾಗೆ.

“ಅದು ಒಂಬತ್ತು. ಫ್ಯಾನಿಂದು.”

ಕೇಬಲ್ಲೇ ಸರಿಯಿಲ್ಲ, ಮಾಡಿದವರೇ ತಪ್ಪು ಮಾಡಿದ್ದಾರೆ ಎಂದು ಬೆಳ್ಳಿಪೆನ್ನು ಅಂದ. ಕುಣಿಯಲಾರದವನಿಗೆ ನೆಲ ಡೊಂಕು. ಅವಳು ಮೂರು ದಿನದಿಂದ ಜೇಬಿನಲ್ಲಿದ್ದ ಬಟ್ಟೆ ತೆಗೆದು, ಕೆಂಪಿನ ಪಕ್ಕದ ಕರಿ ವೈರೊಂದನ್ನು ನಿಧಾನವಾಗಿ ಒರೆಸಿದಳು. ಮಸಿಯೊಳಗಿಂದ ನೀಲಿ ಬಂತು. ಎದುರು ನಿಂತವರ ಬಲ ನಮಗೆ ಎಡ ಎಂದು ಎರಡೇ ಮಾತಿನಲ್ಲಿ ದೊಡ್ಡಮ್ಮನಿಗೆ ತಿಳಿಸಿದಳು. ಕೂದಲು ಹೆಣೆದ ಯಾವ ಹೆಂಗಸಿಗಾದರೂ ಅರ್ಥವಾಗುವ ಮಾತು, ದೊಡ್ಡಮ್ಮನಿಗೂ ಅರ್ಥವಾಯಿತು.

ಆಮೇಲೆ ಅವಳು ಬೆಳ್ಳಿಯ ಐದು ಬರೆದ ಟೇಪಿನ ತುದಿಯನ್ನು ಉಗುರಿನಿಂದ ಎತ್ತಿದಳು. ಅವಸರ ಮಾಡಲಿಲ್ಲ. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ಸುತ್ತು ಏನು ಮಹಾ. ಟೇಪು ಬಂತು, ಕಾಗದದ ಚೂರು ಉದುರಿತು. ಕೆಳಗೆ, ವೈರಿನ ಮೈಮೇಲೆ, ಮಾಸಿದರೂ ಮಿಂಚುವ ಇನ್ನೊಂದು ಐದು. ಅದೇ ಬಾವುಟ. ಅವಳು ಟೇಪನ್ನು ಅದರ ಪಕ್ಕಕ್ಕೆ ಹಿಡಿದಳು. ಕೆಳಗಿನಿಂದ ಹಳೆಯ ಗಂಟನ್ನೂ ಎಳೆದು ಮೇಲಕ್ಕೆ ತಂದಳು.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು. ಟೇಪು ನೋಡಿದರು, ವೈರು ನೋಡಿದರು. “ಐದು,” ಎಂದರು. ವೈರಿನ ಕಡೆ ಬೆರಳು ತೋರಿ ಮತ್ತೊಮ್ಮೆ, “ಇದೂ ಐದು. ನಿನ್ನ ವರದೀಲಿ ಒಂಬತ್ತು ಅಂದ ಅಂತ ಇತ್ತಲ್ಲಪ್ಪ. ಎಣಿಸೇ ಇಲ್ಲ ಅಂತಲೂ ಇತ್ತು.”

ಬೆಳ್ಳಿಪೆನ್ನಿನ ಮುಖದಲ್ಲಿ ಬಣ್ಣ ಬದಲಾದದ್ದನ್ನು ಅವಳು ಒಂದೂ ಬಿಡದೆ ನೋಡಿದಳು. ಕನಿಕರ ಬರಬಹುದೇನೋ ಎಂದು ಒಳಗೆ ಹುಡುಕಿಕೊಂಡಳು. ಬರಲಿಲ್ಲ. ಚೀಲದ ಗುಂಡಿ ಬಿಚ್ಚಿ ಕಟಿಂಗ್ ಪ್ಲೇಯರ್ ತೆಗೆದು, ಹಿಡಿಕೆ ಅವನ ಕಡೆ ಮಾಡಿ ಚಾಚಿದಳು, ತುದಿಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡೇ.

“ನೀವು ಗುರುತು ಹಾಕಿದ್ದನ್ನ ಕತ್ತರಿಸಿ ಸರ್.”

ಅವನ ಕೈ ಏಳಲಿಲ್ಲ. ನೆರೆದ ಏಳೆಂಟು ಜನರ ಮುಂದೆ ಆ ಹಿಡಿಕೆ ಬಹಳ ಹೊತ್ತು ಗಾಳಿಯಲ್ಲೇ ಇತ್ತು. ಆಗಲೇ ಮನೆತನದ ಮಾತೆತ್ತಿ ಹಂಗಿಸಿದವನು ತನ್ನ ಚಪ್ಪಲಿ ನೋಡುತ್ತಿದ್ದ.

ಅವಳು ಪ್ಲೇಯರನ್ನು ಹಿಂದಕ್ಕೆ ತಿರುಗಿಸಿಕೊಂಡು, ಗುಬ್ಬಿ ಕೂಗಿದ ವೈರನ್ನು ಕತ್ತರಿಸಿದಳು. ಫ್ಯಾನುಗಳು ಹೂಂಕರಿಸುತ್ತಲೇ ಇದ್ದವು. ಸ್ಪೀಕರಿನಲ್ಲಿ ಅಣ್ಣನ ದನಿ ಬಂತು: “ದೀಪ ಆರಿತು.” ಇಲ್ಲಿ ನಡೆದದ್ದು ಯಾವುದೂ ಅವನಿಗೆ ಗೊತ್ತಿರಲಿಲ್ಲ.

“ಆ ಕಡೆ ಇರೋನು...” ಎಂದರು ದೊಡ್ಡಮ್ಮ.

“ನಮ್ಮಣ್ಣ.”

ದೊಡ್ಡಮ್ಮ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತರು. ಏನು ಆಗಬೇಕು ಹೇಳಮ್ಮ ಎಂದರು. ಕೆಲಸ, ಕಾಗದ, ವಿಚಾರಣೆ, ಏನು ಕೇಳಿದರೂ ಆಗುತ್ತದೆ ಎಂಬ ದನಿ ಅದು. ಅವಳು ಅದೆಲ್ಲ ಆಮೇಲೆ ಎಂದಳು. ಹನ್ನೆರಡು ವರ್ಷದಲ್ಲಿ ಸಾವಿರ ಸಲ ಮನಸ್ಸಿನಲ್ಲೇ ಅವನನ್ನು ನಿಲ್ಲಿಸಿ ಆಡಿದ ಮಾತುಗಳಿದ್ದವು; ಈಗ ನೋಡಿದರೆ ಬೇಕಾದದ್ದು ಒಂದೇ.

“ಅವನು ಆವತ್ತು ಹೇಳಿದ ನಂಬರು ಎಷ್ಟು ಅಂತ ಇವರೇ ಅವನಿಗೆ ಹೇಳಲಿ. ಎಲ್ಲರಿಗೂ ಕೇಳೋ ಹಾಗೆ.”

ಬೆಳ್ಳಿಪೆನ್ನು ಅವಳ ಕಡೆ ಒಂದು ಹೆಜ್ಜೆ ಬಂದ. ದನಿ ತಗ್ಗಿಸಿ, ನೋಡಮ್ಮ, ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ದವರು, ಒಳಗೆ ಕೂತು ಮಾತಾಡೋಣ ಎಂದ. ಅವಳು ಅವನ ಕೈ ಹಿಡಿಯಲಿಲ್ಲ, ಮುಟ್ಟಲೂ ಇಲ್ಲ. ಫೋನನ್ನು ಮಾತ್ರ ಗೋಡೆಯಿಂದ ತೆಗೆದು ಅವನ ಎದೆಗೆ ಒತ್ತಿದಳು. “ಗುಂಡಿ ಒತ್ತಿ ಸರ್. ಅವನು ಲೈನಲ್ಲೇ ಇದಾನೆ.”

ದೊಡ್ಡಮ್ಮನ ಕೋಲು ಒಮ್ಮೆ ನೆಲಕ್ಕೆ ತಟ್ಟಿತು. ಅವನು ಗುಂಡಿ ಒತ್ತಿದ.

“ನೋಡಪ್ಪಾ,” ಎಂದು ಶುರು ಮಾಡಿದ, “ಆವತ್ತು ಪರಿಸ್ಥಿತಿ ಹೇಗಿತ್ತು ಅಂದ್ರೆ, ಬಳೆಗಳೆಲ್ಲ ಸುಟ್ಟುಹೋಗಿ...”

ಅಷ್ಟರಲ್ಲಿ ಅವಳು ತಿರುಗಿದ್ದಳು. ಅವನ ಪರಿಸ್ಥಿತಿ ಕೇಳುವುದು ಅವಳಿಗೆ ಬೇಕಿರಲಿಲ್ಲ. ಅದು ಸುತ್ತಿ ಬಳಸಿ ಕೊನೆಗೆ ಆ ನಂಬರಿಗೆ ಬಂದೇ ಬರಬೇಕು, ಬರದಿದ್ದರೆ ಬಿಡದಿರಲು ಅಲ್ಲಿ ಕೋಲು ಹಿಡಿದವರಿದ್ದಾರೆ. ಅದು ಬರುವ ಹೊತ್ತಿಗೆ ತಾನು ಇನ್ನೊಂದು ತುದಿಯಲ್ಲಿ, ಅಣ್ಣನ ಮುಖದ ಎದುರಿಗಿರಬೇಕು ಎಂದು ಅವಳು ಕೇಬಲ್ಲಿನ ದಾರಿಯನ್ನೇ ಹಿಡಿದು, ಚೂರುಗಾಜು ತುಳಿಯುತ್ತ, ಪಂಪಿನಜ್ಜ ದಾರಿ ಬಿಟ್ಟದ್ದನ್ನೂ ನೋಡದೆ, ಬಲಕ್ಕೆ ತಿರುಗಿ, ಕಬ್ಬಿಣದ ಮೆಟ್ಟಿಲು ಎರಡೆರಡಾಗಿ ಹತ್ತಿ, ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದಳು.